ಅಲ್ಲ ಎನ್ನುವ ಉತ್ತರ

ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡಿಗರು ಮೊದಲ ತಿಂಗಳಲ್ಲೇ ಕಲಿಯುವ ಒಂದು ವಾಕ್ಯವಿದೆ: ‘ನಾವು ಮದ್ರಾಸಿಗಳಲ್ಲ.’ ಕಿರಾಣಿ ಅಂಗಡಿಯವನಿರಲಿ, ಲೋಕಲ್ ಗಾಡಿಯಲ್ಲಿ ಪಕ್ಕ ಕೂತವನಿರಲಿ, ಬ್ಯಾಂಕಿನ ಕೌಂಟರಿನಾಚೆ ನಿಂತ ಗಿರಾಕಿಯಿರಲಿ, ‘ಮದ್ರಾಸಿ ಕ್ಯಾ?’ ಅಂದ ಕೂಡಲೇ ಈ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧ. ಅದರಲ್ಲಿ ಸುಳ್ಳೇನೂ ಇಲ್ಲ. ಧಾರವಾಡದ ಕಡೆಯವನು ಮದ್ರಾಸಿ ಹೇಗಾದಾನು? ಆದರೆ ಅದನ್ನು ಹೇಳುವಾಗ ನನ್ನ ದನಿಯಲ್ಲಿ ಬರೀ ಭೂಗೋಳದ ತಿದ್ದುಪಡಿ ಇರುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಈ ಊರಿನಲ್ಲಿ ದಕ್ಷಿಣದವರ ಮೇಲೆ ನಡೆದ ಗಲಾಟೆಯ ಕಥೆಗಳನ್ನು ಹಿರಿಯ ಸಹೋದ್ಯೋಗಿಗಳಿಂದ ಕೇಳಿದ್ದೆ. ಆ ಸಿಟ್ಟು ಯಾರ ಮೇಲಾದರೂ ಇರಲಿ, ನಮ್ಮ ಮೇಲೆ ಬೇಡ ಎಂಬ ಅರ್ಜಿಯೂ ಆ ‘ಅಲ್ಲ’ದೊಳಗೆ ಸೇರಿಕೊಂಡಿತ್ತು. ಪಕ್ಕದ ಟೇಬಲಿನಲ್ಲಿ ತಂಜಾವೂರಿನವರೊಬ್ಬರು ಕೂತು ಲೆಡ್ಜರ್ ಬರೆಯುತ್ತಿದ್ದರೂ ನಾನು ಹಾಗೆ ಹೇಳಿದ್ದುಂಟು.

ನಿಜವಾದ ಮಾತೊಂದು ಪಕ್ಕದವನಿಗೆ ಪೆಟ್ಟು ಕೊಡಬಹುದೇ? ಕೊಟ್ಟರೆ ತಪ್ಪು ಯಾರದು, ಉತ್ತರ ಕೊಟ್ಟವನದೋ, ಪ್ರಶ್ನೆ ಕೇಳಿದವನದೋ? ಈ ಪ್ರಶ್ನೆ ನನ್ನ ತಲೆಯಲ್ಲಿ ಸರಿಯಾಗಿ ಕೂತದ್ದು ನಮ್ಮೂರಿನ ಅನುಭವದಿಂದಲ್ಲ ಎಂದರೆ ನಿಮಗೆ ನಗು ಬರಬಹುದು. ಅದನ್ನು ಕೂರಿಸಿದ್ದು ಅಮೆರಿಕದ ಒಬ್ಬ ಅಧ್ಯಕ್ಷರು, ಬರಾಕ್ ಹುಸೇನ್ ಒಬಾಮ.

2008ರ ಚುನಾವಣೆಯನ್ನು ನಾವೆಲ್ಲ ಟಿವಿಯಲ್ಲಿ ನಮ್ಮದೇ ಚುನಾವಣೆ ಎಂಬಂತೆ ನೋಡಿದೆವು. ಕೀನ್ಯಾದ ತಂದೆ, ಕ್ಯಾನ್ಸಸ್ ಮೂಲದ ಬಿಳಿಯ ತಾಯಿ, ಹವಾಯಿಯಲ್ಲಿ ಜನನ, ಇಂಡೋನೇಷ್ಯಾದಲ್ಲಿ ಬಾಲ್ಯದ ಕೆಲವು ವರ್ಷ. ಇಂಥವನು ಗೆಲ್ಲುವುದುಂಟೇ ಎಂದು ಬ್ಯಾಂಕಿನ ಕ್ಯಾಂಟೀನಿನಲ್ಲಿ ಬಾಜಿ ಕಟ್ಟಿದವರಿದ್ದರು. ಆ ಹೊತ್ತಿಗಾಗಲೇ ಇಮೇಲುಗಳಲ್ಲಿ ಒಂದು ಮಾತು ಹರಿದಾಡುತ್ತಿತ್ತು: ಈತ ಗುಟ್ಟಾಗಿ ಮುಸಲ್ಮಾನ. ಒಬಾಮ ಇಪ್ಪತ್ತು ವರ್ಷ ಷಿಕಾಗೋದ ಒಂದು ಚರ್ಚಿಗೆ ನಡೆದುಕೊಂಡ ಕ್ರೈಸ್ತರು. ತಮಾಷೆ ಎಂದರೆ ಅದೇ 2008ರಲ್ಲಿ ಅದೇ ಚರ್ಚಿನ ಪಾದ್ರಿ ಜೆರೆಮಿಯಾ ರೈಟ್ ಅವರ ಬಿಸಿ ಪ್ರವಚನಗಳು ಟಿವಿಯಲ್ಲಿ ಬಂದು ದೊಡ್ಡ ರಾದ್ಧಾಂತವಾಯಿತು. ಅಂದರೆ ಇಂಥ ಪಾದ್ರಿಯ ಚರ್ಚಿಗೆ ಹೋದದ್ದು ಒಂದು ಅಪರಾಧ, ಚರ್ಚಿಗೇ ಸೇರದ ಮುಸಲ್ಮಾನನಾಗಿರುವುದು ಇನ್ನೊಂದು. ಎರಡು ಆಪಾದನೆಗಳೂ ಒಂದರೊಡನೊಂದು ಕೂಡುವುದಿಲ್ಲ. ಡೆಬಿಟ್ಟು ಕ್ರೆಡಿಟ್ಟು ತಾಳೆಯಾಗದಿದ್ದರೆ ನಾವು ರಾತ್ರಿ ಒಂಬತ್ತರವರೆಗೆ ಕೂರುತ್ತಿದ್ದೆವು. ರಾಜಕೀಯದಲ್ಲಿ ಆ ತೊಂದರೆ ಇಲ್ಲ. ಇಬ್ಬರು ಬೇರೆ ಬೇರೆ ಜನರಲ್ಲ, ಒಬ್ಬನೇ ಮನುಷ್ಯ ಎರಡನ್ನೂ ನಂಬಬಲ್ಲ.

ಬಣ್ಣದ ಬಗ್ಗೆ ಒಬಾಮ ಅವರಿಗೆ ‘ಅಲ್ಲ’ ಎನ್ನುವ ದಾರಿ ಇರಲಿಲ್ಲ. ಚರ್ಮ ಎಲ್ಲರಿಗೂ ಕಾಣುತ್ತದೆ. ಆದ್ದರಿಂದಲೇ ಏನೋ, ಬಣ್ಣದ ಬಗ್ಗೆ ಅವರು ನೇರವಾಗಿ ಮಾತಾಡಿದರು. 2008ರ ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಮಾಡಿದ ಭಾಷಣದಲ್ಲಿ ಪಾದ್ರಿಯ ಮಾತುಗಳನ್ನು ಖಂಡಿಸಿದರು. ಆದರೆ ಆ ಮನುಷ್ಯನನ್ನು ತೊರೆಯಲಾರೆ ಎಂದರು. ತಮ್ಮನ್ನು ಸಾಕಿದ ಬಿಳಿಯ ಅಜ್ಜಿ ಕರಿಯರ ಬಗ್ಗೆ ಆಡುತ್ತಿದ್ದ ಮಾತಿಗೆ ತಾವು ಮುಜುಗರಪಟ್ಟದ್ದನ್ನು ಹೇಳಿ, ಅವಳನ್ನೂ ಹೇಗೆ ತೊರೆಯಲಿ ಎಂದರು. ಕರಿಯರ ಸಿಟ್ಟು, ಬಿಳಿಯರ ಅಸಮಾಧಾನ ಎರಡಕ್ಕೂ ಹೆಸರಿಟ್ಟು ಮಾತಾಡಿದ ಭಾಷಣ ಅದು. (ಪಾದ್ರಿಯವರು ಆಮೇಲೂ ಸುಮ್ಮನಿರಲಿಲ್ಲ. ಮೇ ಕೊನೆಗೆ ಒಬಾಮ ಆ ಚರ್ಚನ್ನೇ ಬಿಟ್ಟರು. ತೊರೆಯಲಾರೆ ಎಂದ ಮಾತು ಹತ್ತು ವಾರ ಬಾಳಿತು. ರಾಜಕಾರಣ.)

ಧರ್ಮದ ವಿಷಯದಲ್ಲಿ ಅಂಥ ಭಾಷಣ ಬರಲಿಲ್ಲ. ಬಂದದ್ದು ‘ಅಲ್ಲ’ ಎಂಬ ಉತ್ತರ ಮಾತ್ರ. ನಾನು ಮುಸಲ್ಮಾನನಲ್ಲ, ಕ್ರೈಸ್ತ, ಬೇಕಾದರೆ ನೋಡಿ. ನಿಜವೇ. ಆದರೆ ಉತ್ತರ ಬರೀ ಮಾಹಿತಿ ಕೊಡುವುದಿಲ್ಲ, ಪ್ರಶ್ನೆಯನ್ನು ಒಪ್ಪಿಕೊಳ್ಳುವ ಕೆಲಸವನ್ನೂ ಮಾಡುತ್ತದೆ. ‘ನೀನು ಕಳ್ಳನೇ?’ ಎಂದರೆ ‘ಅಲ್ಲ’ ಎನ್ನುತ್ತೇವೆ, ಏಕೆಂದರೆ ಕಳ್ಳತನ ಕೆಟ್ಟದ್ದು. ‘ನೀನು ಮುಸಲ್ಮಾನನೇ?’ ಎಂಬುದಕ್ಕೂ ಅದೇ ಅವಸರದಲ್ಲಿ, ಅದೇ ದನಿಯಲ್ಲಿ ‘ಅಲ್ಲ’ ಅಂದರೆ ಎರಡನ್ನೂ ಒಂದೇ ತಲೆಬರಹದ ಕೆಳಗೆ ಬರೆದಂತಾಯಿತು. ಅಮೆರಿಕದ ಸಂವಿಧಾನದ ಆರನೆಯ ವಿಧಿಯಲ್ಲಿ ಯಾವ ಸರಕಾರಿ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದು ಎಂದು 1787ರಲ್ಲೇ ಬರೆದಿದ್ದಾರೆ. ಕಾನೂನು ಕೇಳಬಾರದ ಪ್ರಶ್ನೆಯನ್ನು ಜನ ಕೇಳಿದರು, ಅಭ್ಯರ್ಥಿ ಉತ್ತರ ಕೊಟ್ಟರು.

ಪರಿಣಾಮ ಮಾತಿಗೇ ನಿಲ್ಲಲಿಲ್ಲ. 2008ರ ಜೂನಿನಲ್ಲಿ ಡೆಟ್ರಾಯಿಟಿನ ಸಭೆಯಲ್ಲಿ ತಲೆಗೆ ವಸ್ತ್ರ ಕಟ್ಟಿದ ಇಬ್ಬರು ಮುಸ್ಲಿಂ ಹೆಣ್ಣುಮಕ್ಕಳನ್ನು, ಟಿವಿಯಲ್ಲಿ ಒಬಾಮ ಅವರ ಹಿಂದೆ ಕಾಣುವ ಜಾಗದಲ್ಲಿ ಕೂರಲು ಕಾರ್ಯಕರ್ತರು ಬಿಡಲಿಲ್ಲ. ಅವರು ಒಬಾಮರ ಅಭಿಮಾನಿಗಳಾಗಿಯೇ ಬಂದವರು. ಒಬಾಮ ಆಮೇಲೆ ಅವರಿಗೆ ಸ್ವತಃ ಫೋನು ಮಾಡಿ ಕ್ಷಮೆ ಕೇಳಿದರು. ಅಷ್ಟು ದೊಡ್ಡತನ ಅವರಲ್ಲಿತ್ತು. ಆದರೆ ಆ ಕಾರ್ಯಕರ್ತರಿಗೆ ಹಾಗೆ ಮಾಡು ಎಂದು ಯಾರೂ ಬರೆದುಕೊಟ್ಟಿರಲಾರರು. ಮಾಲೀಕ ಯಾವುದಕ್ಕೆ ಹೆದರುತ್ತಾನೆ ಎಂಬುದು ನೌಕರರಿಗೆ ಸರ್ಕ್ಯುಲರ್ ಇಲ್ಲದೆಯೂ ಗೊತ್ತಾಗುತ್ತದೆ. ನೌಕರಿಯಲ್ಲಿ ನಾನಿದನ್ನು ಎಷ್ಟೋ ಸಲ ಕಂಡಿದ್ದೇನೆ.

ಅಧ್ಯಕ್ಷರಾದ ಮೇಲೂ ಆ ಹೆದರಿಕೆ ಹೋಗಲಿಲ್ಲ. 2010ರ ನವೆಂಬರಿನಲ್ಲಿ ಅವರು ಭಾರತಕ್ಕೆ ಬಂದಾಗ ಮೊದಲು ಇಳಿದದ್ದು ನಮ್ಮ ಮುಂಬಯಿಯಲ್ಲಿ. ತಾಜ್ ಹೋಟೆಲು, ಮಣಿ ಭವನ, ಎಲ್ಲ ಕಡೆ ರಸ್ತೆ ಬಂದ್. ಆ ಪ್ರವಾಸದಲ್ಲಿ ಅಮೃತಸರದ ಸ್ವರ್ಣಮಂದಿರವೂ ಸೇರಲಿತ್ತು, ಆಮೇಲೆ ಕೈಬಿಟ್ಟರು. ಗುರುದ್ವಾರದಲ್ಲಿ ತಲೆ ಮುಚ್ಚಬೇಕು, ತಲೆ ಮುಚ್ಚಿದ ಫೋಟೋ ಅಮೆರಿಕದಲ್ಲಿ ಮತ್ತೆ ಆ ಗಾಳಿಸುದ್ದಿಗೆ ಮೇವಾಗುತ್ತದೆ, ಅದಕ್ಕೇ ಬಿಟ್ಟರು ಎಂದು ಪತ್ರಿಕೆಗಳು ಬರೆದವು. ಶ್ವೇತಭವನ ಬೇರೆ ಕಾರಣ ಕೊಟ್ಟಿತು. ಆದರೆ ಪತ್ರಿಕೆಗಳ ಮಾತು ಅಲ್ಲಿ ಎಲ್ಲರಿಗೂ ಸಹಜವಾಗಿ ನಂಬಿಕೆಯಾಯಿತಲ್ಲ, ಅದೇ ಹೇಳುತ್ತದೆ. ಹಿಂದೆ ಕೀನ್ಯಾದಲ್ಲಿ ಸೋಮಾಲಿ ಹಿರಿಯರ ಉಡುಪು ತೊಟ್ಟ ಒಂದು ಫೋಟೋ 2008ರಲ್ಲಿ ಪಟ್ಟ ಪಾಡು ಅವರಿಗೆ ನೆನಪಿದ್ದೇ ಇರಬೇಕು.

ಇಷ್ಟೆಲ್ಲ ‘ಅಲ್ಲ’ ಎಂದು ಸಿಕ್ಕಿದ್ದೇನು? ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ 2009ರ ಮಾರ್ಚಿನಲ್ಲಿ ಶೇಕಡಾ 11ರಷ್ಟು ಅಮೆರಿಕನ್ನರು ಒಬಾಮ ಮುಸಲ್ಮಾನ ಎಂದಿದ್ದರು. 2010ರ ಆಗಸ್ಟಿನಲ್ಲಿ ಅದು ಶೇಕಡಾ 18ಕ್ಕೆ ಏರಿತ್ತು. ಜನನ ಪತ್ರದ ಕಥೆಯೂ ಹೀಗೇ. ಹವಾಯಿಯಲ್ಲಿ ಹುಟ್ಟಿದ್ದಕ್ಕೆ ಪುರಾವೆಯನ್ನು 2008ರಲ್ಲೇ ಕೊಟ್ಟಿದ್ದರು. ಸಾಲದು, ಮೂಲ ಪ್ರತಿ ಬೇಕು ಎಂದರು. ಡೊನಾಲ್ಡ್ ಟ್ರಂಪ್ 2011ರಲ್ಲಿ ಅದನ್ನೇ ಹಿಡಿದು ಕೂತರು. ಆ ವರ್ಷ ಏಪ್ರಿಲ್ 27ರಂದು ಶ್ವೇತಭವನ ದೊಡ್ಡ ಪ್ರತಿಯನ್ನೇ ಬಿಡುಗಡೆ ಮಾಡಿತು. ಅದು ನಕಲಿ ಎಂದವರು ಆಮೇಲೂ ಇದ್ದರು. ಮೂವತ್ತೈದು ವರ್ಷ ಸಾಲದ ಅರ್ಜಿ ನೋಡಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸಾಲ ಕೊಡುವ ಮನಸ್ಸಿಲ್ಲದ ಮ್ಯಾನೇಜರು ‘ಇಲ್ಲ’ ಅನ್ನುವುದಿಲ್ಲ, ಇನ್ನೊಂದು ಕಾಗದ ಕೇಳುತ್ತಾನೆ. ಪಹಣಿ ತಂದರೆ ಖಾತೆ ಉತಾರ, ಉತಾರ ತಂದರೆ ಬೇಬಾಕಿ ಪತ್ರ. ಅನುಮಾನ ಕಾಗದದ ಮೇಲಲ್ಲ, ಎದುರು ನಿಂತ ಮನುಷ್ಯನ ಮೇಲೆ. ‘ನೀನು ಕರಿಯ, ಆ ಕುರ್ಚಿ ನಿನ್ನದಲ್ಲ’ ಎನ್ನಲು ನಾಚಿಕೆಯಾಗುವ ಕಾಲದಲ್ಲಿ ‘ನಿನ್ನ ಜನನ ಪತ್ರ ಎಲ್ಲಿ’, ‘ನಿನ್ನ ದೇವರು ಯಾರು’ ಎಂದು ಕೇಳಿದರು. ಬಣ್ಣದ ಪ್ರಶ್ನೆಯೇ ಧರ್ಮದ ಅಂಗಿ ಹಾಕಿಕೊಂಡು ಬಂತು ಎಂದು ನನ್ನ ಅನಿಸಿಕೆ.

ಹಾಗಾದರೆ ಅವರು ಏನು ಹೇಳಬೇಕಿತ್ತು? ಇಲ್ಲಿ ವಿಷಯ ಸುಲಭವಿಲ್ಲ. 1960ರ ಸೆಪ್ಟೆಂಬರಿನಲ್ಲಿ ಜಾನ್ ಕೆನಡಿ ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಎದುರು ನಿಂತು, ನಾನು ಕ್ಯಾಥೊಲಿಕ್, ಆದರೆ ನಾನು ಕ್ಯಾಥೊಲಿಕ್ ಅಭ್ಯರ್ಥಿಯಲ್ಲ, ನನ್ನ ಪಕ್ಷದ ಅಭ್ಯರ್ಥಿ. ಇವತ್ತು ಅನುಮಾನದ ಬೆರಳು ನನ್ನ ಕಡೆ ಇದೆ, ನಾಳೆ ನಿಮ್ಮ ಕಡೆಗೂ ತಿರುಗೀತು ಎಂಬರ್ಥದ ಮಾತಾಡಿದ್ದರು. ಗಟ್ಟಿ ಮಾತು. ಆದರೆ ಕೆನಡಿಗೆ ಒಂದು ಅನುಕೂಲವಿತ್ತು. ಅವರು ನಿಜಕ್ಕೂ ಕ್ಯಾಥೊಲಿಕ್ ಆಗಿದ್ದರು. ‘ಹೌದು, ಏನೀಗ?’ ಎನ್ನಬಹುದಿತ್ತು. ಆಗಿರದ ಒಂದರ ಆಪಾದನೆ ಹೊತ್ತವನಿಗೆ ‘ಹೌದು’ ಎನ್ನುವ ದಾರಿಯೇ ಇಲ್ಲ, ಅದು ಸುಳ್ಳಾಗುತ್ತದೆ. ‘ಅಲ್ಲ’ ಎಂದರೆ ಪಕ್ಕದವನನ್ನು ಬಿಟ್ಟುಕೊಟ್ಟಂತೆ. ‘ಹೇಳುವುದಿಲ್ಲ’ ಎಂದರೆ ಚುನಾವಣೆ ಸೋತಂತೆ. ‘ಅಲ್ಲ, ಆದರೆ ಆಗಿದ್ದರೂ ಅದರಲ್ಲಿ ತಪ್ಪೇನಿತ್ತು?’ ಎನ್ನಬಹುದು, ಆದರೆ ಅದನ್ನು ಆಪಾದಿತನೇ ಹೇಳಿದರೆ ಕೇಳುವವರ ಕಿವಿಗೆ ‘ಅಲ್ಲ’ ಬೀಳುವುದಿಲ್ಲ, ‘ಆಗಿದ್ದರೂ’ ಮಾತ್ರ ಬೀಳುತ್ತದೆ.

ಆ ಮಾತನ್ನು ಬೇರೊಬ್ಬರು ಹೇಳಬೇಕಾಯಿತು. 2008ರ ಅಕ್ಟೋಬರ್ 10ರಂದು ಮಿನೆಸೋಟಾದ ಒಂದು ಸಭೆಯಲ್ಲಿ ಒಬ್ಬ ಹೆಂಗಸು ಎದ್ದು, ಒಬಾಮ ಅರಬ್ಬನಂತೆ, ನನಗೆ ನಂಬಿಕೆಯಿಲ್ಲ ಎಂದಳು. ಎದುರಾಳಿ ಜಾನ್ ಮೆಕೇನ್ ಮೈಕು ತೆಗೆದುಕೊಂಡು, ಇಲ್ಲಮ್ಮ, ಅವರು ಮರ್ಯಾದಸ್ಥ ಸಂಸಾರಿ, ಈ ದೇಶದ ಪ್ರಜೆ, ನನಗೂ ಅವರಿಗೂ ಅಭಿಪ್ರಾಯಭೇದವಷ್ಟೇ ಎಂದರು. ಅವರದೇ ಪಕ್ಷದ ಸಭೆ, ಚುನಾವಣೆಗೆ ಒಂದು ತಿಂಗಳೂ ಇಲ್ಲ, ಸೋಲುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ತನ್ನ ಮತದಾರಳನ್ನು ತಿದ್ದುವವರು ನಮ್ಮಲ್ಲಿ ಎಷ್ಟು ಜನ? ನಾನು ಆ ಮನುಷ್ಯನಿಗೆ ಇವತ್ತೂ ಕೈಮುಗಿಯುತ್ತೇನೆ. ಆದರೆ ಅರಬ್ಬ ಎಂಬ ಮಾತಿಗೆ ಉತ್ತರವಾಗಿ ‘ಇಲ್ಲ, ಮರ್ಯಾದಸ್ಥ’ ಎಂದರೆ ಅರಬ್ಬ ಏನಾದ ಹಾಗಾಯಿತು? ಒಳ್ಳೆಯ ಮನುಷ್ಯನ ಬಾಯಲ್ಲೂ ಆ ‘ಇಲ್ಲ’ ಹೀಗೆ ಬರುತ್ತದೆ.

ಅದಾಗಿ ಒಂಬತ್ತು ದಿನಕ್ಕೆ ಕಾಲಿನ್ ಪಾವೆಲ್ ಟಿವಿಯಲ್ಲಿ ಮಾತಾಡಿದರು. ಮೆಕೇನ್ ಪಕ್ಷದವರೇ, ಸೇನಾಪತಿಯಾಗಿದ್ದವರು, ವಿದೇಶಾಂಗ ಮಂತ್ರಿಯಾಗಿದ್ದವರು, ಕರಿಯರು. ಒಬಾಮ ಮುಸಲ್ಮಾನರೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ, ಅಲ್ಲ, ಕ್ರೈಸ್ತರು ಎಂದು. ಆದರೆ ನಿಜವಾಗಿ ಸರಿಯಾದ ಉತ್ತರ, ಆಗಿದ್ದರೆ ಏನೀಗ ಎಂಬುದು. ಏಳು ವರ್ಷದ ಮುಸ್ಲಿಂ ಮಗು ತಾನು ಅಧ್ಯಕ್ಷನಾಗುತ್ತೇನೆ ಎಂದು ನಂಬಿದರೆ ತಪ್ಪೇ, ಎಂದು ಕೇಳಿದರು. ಆಮೇಲೆ ತಾವು ನೋಡಿದ ಒಂದು ಫೋಟೋದ ಬಗ್ಗೆ ಹೇಳಿದರು. ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಮಗನ ಸಮಾಧಿಕಲ್ಲಿಗೆ ತಲೆಯಾನಿಸಿ ಕೂತ ತಾಯಿ. ಕಲ್ಲಿನ ಮೇಲೆ ಶಿಲುಬೆಯಲ್ಲ, ಅರ್ಧಚಂದ್ರ ಮತ್ತು ನಕ್ಷತ್ರ. ನ್ಯೂಜೆರ್ಸಿಯ ಆ ಹುಡುಗ ಇರಾಕಿನಲ್ಲಿ ಸತ್ತಾಗ ಇಪ್ಪತ್ತು ವರ್ಷ. ಪಾವೆಲ್ ಅವನ ಪೂರ್ತಿ ಹೆಸರನ್ನು ಹೇಳಿದರು, ಖಾನ್ ಎಂದು ಮುಗಿಯುವ ಹೆಸರು.

ಪಾವೆಲ್ ಅವರಿಗೆ ಹೇಳಲು ಸಾಧ್ಯವಾದದ್ದು ಅವರು ಚುನಾವಣೆಗೆ ನಿಂತಿರದ ಕಾರಣ, ಎಂದು ನನ್ನ ಸ್ನೇಹಿತರೊಬ್ಬರು ವಾದಿಸಿದರು. ಹೌದು, ನಾನೂ ಅದನ್ನೇ ಹೇಳುತ್ತಿದ್ದೇನೆ. ಕೇಳಿಸಿಕೊಂಡವನ ಕೈ ಕಟ್ಟಿರುತ್ತದೆ, ಪಕ್ಕದಲ್ಲಿ ನಿಂತವನದು ಬಿಚ್ಚಿರುತ್ತದೆ. ಮುಸ್ಲಿಮರು ಆ ದೇಶದಲ್ಲಿ ನೂರಕ್ಕೆ ಒಬ್ಬರ ಲೆಕ್ಕ. ಅವರ ಓಟು ಬೇರೆಲ್ಲಿಗೆ ಹೋದೀತು ಎಂಬ ಲೆಕ್ಕಾಚಾರವೂ ಇದ್ದಿರಬಹುದು. 2001ರ ಸೆಪ್ಟೆಂಬರ್ 11ರ ದಾಳಿಯಾಗಿ ಆರನೆಯ ದಿನಕ್ಕೆ ಜಾರ್ಜ್ ಬುಷ್ ವಾಷಿಂಗ್ಟನ್ನಿನ ಮಸೀದಿಗೆ ಹೋಗಿ ಬಂದರು. ಅವರ ಧರ್ಮವನ್ನು ಯಾರೂ ಕೇಳುವವರಿರಲಿಲ್ಲ. ಒಬಾಮ ಅಧ್ಯಕ್ಷರಾಗಿ ಅಮೆರಿಕದ ಒಂದು ಮಸೀದಿಗೆ ಕಾಲಿಟ್ಟದ್ದು 2016ರ ಫೆಬ್ರವರಿ 3ರಂದು, ಬಾಲ್ಟಿಮೋರಿನಲ್ಲಿ, ಏಳು ವರ್ಷ ಕಳೆದ ಮೇಲೆ. ಮತ್ತೆ ಚುನಾವಣೆಗೆ ನಿಲ್ಲುವ ಅವಕಾಶ ಮುಗಿದಿತ್ತು. ಅಲ್ಲಿ ನಗುತ್ತಾ, ಥಾಮಸ್ ಜೆಫರ್ಸನ್ ಅವರನ್ನೂ ವಿರೋಧಿಗಳು ಮುಸಲ್ಮಾನ ಎಂದಿದ್ದರು, ನಾನು ಮೊದಲಿಗನಲ್ಲ ಎಂದರು. ನಗುವ ಧೈರ್ಯ ಬರಲು ಅಷ್ಟು ವರ್ಷ ಬೇಕಾಯಿತು.

ಆ ನಡುವೆ ಪಾವೆಲ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. 2015ರ ಸೆಪ್ಟೆಂಬರಿನಲ್ಲಿ ಅದೇ ಟಿವಿ ಕಾರ್ಯಕ್ರಮದಲ್ಲಿ ಬೆನ್ ಕಾರ್ಸನ್ ಎಂಬ ಅಭ್ಯರ್ಥಿ, ಅವರೂ ಕರಿಯರೇ, ಮುಸಲ್ಮಾನನೊಬ್ಬನನ್ನು ದೇಶದ ಮುಖ್ಯಸ್ಥನಾಗಿ ಮಾಡುವುದಕ್ಕೆ ತನ್ನ ಒಪ್ಪಿಗೆಯಿಲ್ಲ ಎಂದರು. ಡಿಸೆಂಬರಿನಲ್ಲಿ ಟ್ರಂಪ್, ಮುಸ್ಲಿಮರು ದೇಶದೊಳಗೆ ಬರುವುದನ್ನೇ ನಿಲ್ಲಿಸಬೇಕು ಎಂದರು, ಮುಂದಿನ ವರ್ಷ ಗೆದ್ದರು. 2017ರ ಜನವರಿಯಲ್ಲಿ ಏಳು ಮುಸ್ಲಿಂ ಬಹುಸಂಖ್ಯಾತ ದೇಶಗಳ ಮೇಲೆ ನಿರ್ಬಂಧದ ಆದೇಶ ಹೊರಟಿತು. ಒಬಾಮ ‘ಅಲ್ಲ’ ಎಂದದ್ದರಿಂದ ಇದಾಯಿತು ಎಂದು ಹೇಳುವಷ್ಟು ಮೂರ್ಖ ನಾನಲ್ಲ. ಆದರೆ ಎಂಟು ವರ್ಷ ಅಧ್ಯಕ್ಷರು ಪಕ್ಕಕ್ಕೆ ಸರಿಸುತ್ತ ಬಂದ ಆ ಪ್ರಶ್ನೆ ಅಲ್ಲೇ ಬಿದ್ದಿತ್ತು, ಎತ್ತಿಕೊಳ್ಳುವವರು ಎತ್ತಿಕೊಂಡರು.

2017ರ ಫೆಬ್ರವರಿ 22ರಂದು ಕ್ಯಾನ್ಸಸ್ಸಿನಲ್ಲಿ ನಮ್ಮವರಿಗೂ ಅದು ತಗುಲಿತು. ಹೈದರಾಬಾದಿನ ಕಡೆಯ ಇಬ್ಬರು ಇಂಜಿನಿಯರುಗಳ ಮೇಲೆ ಬಾರಿನಲ್ಲಿ ಒಬ್ಬ ಗುಂಡು ಹಾರಿಸಿದ. ನನ್ನ ದೇಶ ಬಿಟ್ಟು ಹೋಗು ಎಂದು ಕೂಗಿದ್ದ. ಒಬ್ಬರು ಸತ್ತರು. ತಡೆಯಲು ಹೋದ ಅಮೆರಿಕನ್ ಯುವಕನಿಗೂ ಗುಂಡು ತಾಗಿತು. ಕೊಂದವನು ಅವರನ್ನು ಇರಾನಿಗಳು ಎಂದುಕೊಂಡಿದ್ದನಂತೆ. ಆ ವಾರ ನಮ್ಮ ಸೊಸೈಟಿಯಲ್ಲಿ ಮಕ್ಕಳನ್ನು ಅಮೆರಿಕದಲ್ಲಿಟ್ಟ ತಂದೆತಾಯಿಗಳೆಲ್ಲ ಒಂದೇ ಮಾತು: ಪಾಪ, ತಪ್ಪು ತಿಳಿದು ಕೊಂದುಬಿಟ್ಟ. ನಾನೂ ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಅನ್ನಿಸಿತು, ತಪ್ಪು ತಿಳಿದು ಅಂದರೇನು? ಅವರು ನಿಜವಾಗಿ ಇರಾನಿಗಳೇ ಆಗಿದ್ದರೆ ಲೆಕ್ಕ ಸರಿಹೋಗುತ್ತಿತ್ತೇ? 2001ರಲ್ಲಿ ಅರಿಜೋನಾದ ಪೆಟ್ರೋಲ್ ಬಂಕಿನ ಮಾಲೀಕರಾದ ಸಿಖ್ಖರೊಬ್ಬರನ್ನು, ಅವರ ಪೇಟ ನೋಡಿ, ಕೊಂದಾಗಲೂ ಪತ್ರಿಕೆಗಳು ಬಳಸಿದ್ದು ತಪ್ಪು ಗುರುತು ಎಂಬ ಮಾತನ್ನೇ. ನಾವು ಮುಸ್ಲಿಮರಲ್ಲ ಎಂದು ತಿಳಿಹೇಳಿದರೆ ಸಾಕು ಎಂದುಕೊಂಡ ಸಿಖ್ಖರಿದ್ದರು. ಆ ಮಾತನ್ನು ನಾವು ಆಡುವುದಿಲ್ಲ, ಆಡಿದರೆ ಗುಂಡು ಪಕ್ಕದವರ ಕಡೆ ತಿರುಗಿಸಿದಂತೆ ಎಂದವರೂ ಇದ್ದರು. ಜೀವಭಯದಲ್ಲಿರುವವರು ಹಾಗೆ ಯೋಚಿಸಬಲ್ಲರು ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

ಏಕೆಂದರೆ ಜೀವಭಯವೇನೂ ಇಲ್ಲದೆ, ಎರಡು ಕೋಣೆಯ ಬಾಡಿಗೆ ಮನೆಗಾಗಿ ನಾನು ಏನು ಮಾಡಿದೆ ಎಂಬುದು ನನಗೆ ಗೊತ್ತು. 1994ರಲ್ಲಿ ವರ್ಗವಾಗಿ ಮುಂಬಯಿಗೆ ಬಂದೆ. ಅದೇ ಆರ್ಡರಿನಲ್ಲಿ ಬಿಜಾಪುರದ ನನ್ನ ಹಳೆಯ ಸಹೋದ್ಯೋಗಿಯೂ ಬಂದಿದ್ದ, ಮುಸಲ್ಮಾನ. ಗಲಭೆ ಮುಗಿದು ಒಂದೂವರೆ ವರ್ಷ ಆಗಿತ್ತು. ಜೂನಿನ ಮಳೆಯಲ್ಲಿ ಭಾನುವಾರವೆಲ್ಲ ಇಬ್ಬರೂ ಒಂದೇ ಕೊಡೆಯಲ್ಲಿ ಮುಲುಂಡಿನ ಕಡೆ ಮನೆ ಹುಡುಕುತ್ತಿದ್ದೆವು. ಒಂದು ಮನೆ ಒಪ್ಪಿಗೆಯಾಯಿತು. ಮಾಲೀಕರು ಬಾಗಿಲಲ್ಲೇ ನಿಂತು ನನ್ನ ಗಡ್ಡ ನೋಡಿ, ‘ಮುಸಲ್ಮಾನ್ ತೊ ನಹೀ ಹೋ ನಾ?’ ಎಂದರು. ಗಡ್ಡ ಇದ್ದದ್ದು ನನಗೆ, ಷೋಕಿಗೆ ಬಿಟ್ಟದ್ದು. ನುಣ್ಣಗೆ ಬೋಳಿಸಿದ ಮುಖ ಅವನದು, ನನಗಿಂತ ಎರಡು ಮೆಟ್ಟಿಲು ಕೆಳಗೆ ನಿಂತಿದ್ದ. ‘ನಹೀ ನಹೀ’ ಎಂದೆ. ಅಷ್ಟೇ ಅಲ್ಲ, ಕೈ ತಾನಾಗಿ ಕೊರಳಿಗೆ ಹೋಗಿ ಅಂಗಿಯ ಗುಂಡಿ ಬಿಚ್ಚಿ ಜನಿವಾರದ ಎಳೆ ಹೊರಗೆ ತೋರಿಸಿತು. ಅವರು ನಕ್ಕು ಒಳಗೆ ಕರೆದರು. ಇವರು? ಎಂದು ಅವನ ಕಡೆ ನೋಡಿದಾಗ ಅವನೇ, ಇವರ ಜೊತೆ ಬಂದವನು ಅಷ್ಟೇ ಎಂದು ಹಿಂದಿಯಲ್ಲಿ ಹೇಳಿ ಕೆಳಗಿಳಿದು ಹೋಗಿ ಕೊಡೆ ಹಿಡಿದು ನಿಂತ. ನಾನು ಕೆಳಗೆ ಬಂದಾಗ, ‘ನಿನಗರ ಮನಿ ಸಿಕ್ತಲ್ಲೋ, ಛಲೋ ಆತು’ ಅಂದ. ಅವನಿಗೆ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಮುಂಬ್ರಾದಲ್ಲಿ. ನನ್ನ ಹನ್ನೊಂದು ತಿಂಗಳ ಕರಾರನ್ನು ನಾನು ಎರಡು ಸಲ ನವೀಕರಿಸಿದೆ. ಅವನು ಆ ಮನೆಗೆ ಊಟಕ್ಕೂ ಬಂದ, ಹಬ್ಬಕ್ಕೂ ಬಂದ. ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎತ್ತಿದ್ದು 2017ರಲ್ಲಿ, ಆ ಕ್ಯಾನ್ಸಸ್ಸಿನ ವಾರ. ಅವನಿಗೆ ನಿವೃತ್ತಿಯಾಗಿ ಬಿಜಾಪುರದಲ್ಲಿ ಮನೆ ಕಟ್ಟಿಸಿದ್ದ. ಫೋನಿನಲ್ಲಿ, ಆ ದಿನ ನಾನು ತಪ್ಪು ಮಾಡಿದೆ ಅಂತ ಈಗ ಅನ್ನಿಸುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

‘ನೀ ಅಲ್ಲ ಅಂದದ್ದು ಖರೇನ ಐತೆಲ್ಲೋ. ಖರೇ ಹೇಳಿದವಗ ಯಾರ ಏನ ಅನ್ನಾಕ ಬರ್ತೈತಿ? ಹೌದು ಅಂದಿದ್ದರ ಇಬ್ಬರೂ ಮಳ್ಯಾಗ ಅಡ್ಡಾಡತಿದ್ದವಿ, ಅಷ್ಟ. ಆದರ ಆ ಕೈ ಯಾಕ ಕೊಳ್ಳಿಗೆ ಹೋತು ಅಂತ ನನಗ ಭಾಳ ದಿವಸ ಅನಸ್ತಿತ್ತು ನೋಡು.’

ಹಾಗಾದರೆ ನಾನು ಏನು ಹೇಳಬೇಕಿತ್ತು ಎಂದು ಕೇಳಿದೆ.

‘ಅದನ್ನ ನನಗ್ಯಾಕ ಕೇಳ್ತಿ? ಅವರು ಕೇಳಿದ್ದು ನಿನಗ’ ಅಂದ. ಆಮೇಲೆ ಮಾತು ಪೆನ್ಷನ್ ಅಪ್‌ಡೇಶನ್ನಿನ ಕಡೆ ಹೋಯಿತು.